ಬಿಸಿಲಿಗೆ ಹಾಕಿದ ಕೌದಿ

ಫೆಬ್ರವರಿ ಬಂತೆಂದರೆ ಜಯನಗರದ ಜನ ತಲೆಯೆತ್ತಿಕೊಂಡು ನಡೆಯುತ್ತಾರೆ. ಮರಗಳೆಲ್ಲ ಹೂ ಬಿಟ್ಟಿರುತ್ತವೆ, ಫೋನು ಹಿಡಿದು ಫೋಟೋ ತೆಗೆಯುವವರ ಸಂಭ್ರಮವೇ ಸಂಭ್ರಮ. ದಾನಮ್ಮ ಮಾತ್ರ ಸೆರಗನ್ನು ಮಗಳ ಮೂಗಿಗೆ ಅಡ್ಡ ಹಿಡಿದು ಆ ಮರಗಳನ್ನು ಸರಸರನೆ ದಾಟಿಬಿಡುತ್ತಾಳೆ. ಹೂವಿಗೂ ಹೆದರುತ್ತಾರೆಯೇ ಎಂದು ನಗಬಹುದು. ನಗುವವರು ಹೋದ ವರ್ಷ ಒಂದು ಮಧ್ಯಾಹ್ನ ಅವಳ ಪಕ್ಕ ಕೂತಿರಬೇಕಿತ್ತು.

ದಾನಮ್ಮ ಕುಷ್ಟಗಿ ಕಡೆಯವಳು. ಗಂಡ ಬಸವಂತ ಕೊರಿಯರ್ ವ್ಯಾನ್ ಓಡಿಸುತ್ತಾನೆ, ಇವಳು ಜಯನಗರದ ಒಂದು ಪ್ಲೇಸ್ಕೂಲಿನಲ್ಲಿ ಆಯಾ. ಬಿಟಿಎಂನಲ್ಲಿ ಅಂಜನಮ್ಮನವರ ಮನೆಯ ತಾರಸಿ ಮೇಲಿನ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದಾರೆ. ಅಂಜನಮ್ಮ ಈ ಏರಿಯಾ ಇನ್ನೂ ಹೊಲವಾಗಿದ್ದಾಗಿನಿಂದ ಇಲ್ಲಿಯವರು. ಬಾಯಿ ಜೋರು, ಮನಸ್ಸು ಮೆತ್ತಗೆ. ದಿನಾ ಇಪ್ಪತ್ತು ಮಕ್ಕಳ ಸಿಂಬಳ ಒರೆಸುವ ತನಗೆ ಮಕ್ಕಳ ವಿಷಯದಲ್ಲಿ ತಿಳಿಯದ್ದು ಏನಿದೆ ಎಂಬ ಸಣ್ಣ ಜಂಭ ದಾನಮ್ಮನಿಗಿತ್ತು. ಮಗಳು ಮಧುಮತಿಗೆ ಐದು ತುಂಬಿದ ವರ್ಷ ಆ ಜಂಭ ಇಳಿದುಹೋಯಿತು.

ಮೊದಲು ಬರೀ ಸೀನು. ಆಮೇಲೆ ಕಣ್ಣು ಉಜ್ಜಿ ಉಜ್ಜಿ ಕೆಂಪು. ಒಂದು ದಿನ ಎದೆಯೊಳಗಿಂದ ಸುಂಯ್ ಎಂಬ ಸದ್ದು. ನಾಲ್ಕನೇ ಬ್ಲಾಕಿನ ಡಾಕ್ಟರಮ್ಮ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ ಹೇಳಿದರು:

"ಅಲರ್ಜಿ ಅಮ್ಮ. ಹೂವಿನ ಪುಡಿ ಗಾಳೀಲಿ ಬರುತ್ತೆ. ಯಾವ ಮರದ್ದು ಅಂತ ಈಗ್ಲೇ ಹೇಳೋಕಾಗಲ್ಲ. ಕಿಟಕಿ ಮುಚ್ಚಿಡಿ, ಹೊರಗಿಂದ ಬಂದ ತಕ್ಷಣ ಮುಖ ತೊಳ್ಸಿ, ಬಟ್ಟೆ ಬದಲಾಯ್ಸಿ. ಹಾಸಿಗೆ, ಹೊದಿಕೆ ವಾರಕ್ಕೊಂದ್ಸಲ ಬಿಸಿನೀರಲ್ಲಿ ಒಗೀರಿ. ಬಾಯಿಗಿಟ್ಟು ಉಸಿರೆಳೆಯೋ ಈ ಪಂಪ್ ನಾನು ಹೇಳೋವರ್ಗೂ ನಿಲ್ಲಿಸ್ಬೇಡಿ. ಉಸಿರೆಳೆದಾಗ ಗಂಟಲ ಕೆಳಗಿನ ಗುಳಿ ಒಳಗೆ ಹೋಗ್ತಿದ್ರೆ ಮಾತ್ರ ಒಂದ್ ನಿಮಿಷ ಕಾಯ್ಬೇಡಿ, ಕರ್ಕೊಂಡ್ ಬಂದ್ಬಿಡಿ."

ಆ ಕೊನೆಯ ಮಾತು ದಾನಮ್ಮನ ನಿದ್ದೆ ಕೆಡಿಸಿತು. ಅಂದಿನಿಂದ ಅವಳು ಮಗಳ ಮುಖಕ್ಕಿಂತ ಮೊದಲು ಗಂಟಲ ಗುಳಿ ನೋಡತೊಡಗಿದಳು.

ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡಿದಳು. ಕಿಟಕಿಯ ಸಂದಿಗೆ ಹಳೇ ಬಟ್ಟೆ ತುರುಕಿದಳು. ಊದಿನಕಡ್ಡಿ ನಿಂತಿತು, ಒಗ್ಗರಣೆಗೆ ಒಣಮೆಣಸಿನಕಾಯಿ ನಿಂತಿತು. ಡ್ಯೂಟಿ ಮುಗಿಸಿ ಬಂದ ಬಸವಂತ ಮೆಟ್ಟಿಲ ಮೇಲೇ ಅಂಗಿ ಬಿಚ್ಚಿ, ಬನಿಯನ್ನಿನಲ್ಲಿ ಕಳ್ಳನಂತೆ ಒಳಗೆ ಬರಬೇಕಾಯಿತು. ಪ್ರತಿ ಶನಿವಾರ ಸ್ಕೂಲಿಗೆ ರಜೆ. ಅವತ್ತು ನೀರು ಕುದಿಸಿ ಕೌದಿ ಒಗೆಯುತ್ತಿದ್ದಳು.

ಆ ಕೌದಿ ಅವಳ ತಾಯಿ ಕೆಂಚವ್ವ ಹೊಲಿದದ್ದು. ಹಳೇ ಸೀರೆಗಳನ್ನು ಪದರ ಪದರ ಜೋಡಿಸಿ, ಸಾಲು ಸಾಲಾಗಿ ಹೊಲಿಗೆ ಹಾಕಿ, ಮೊಮ್ಮಗಳ ತೊಟ್ಟಿಲಿಗೆಂದು ಕೊಟ್ಟು ಮರುವರ್ಷವೇ ಕೆಂಚವ್ವ ತೀರಿಕೊಂಡಿದ್ದಳು. ಅದಿಲ್ಲದೆ ಮಧುಮತಿ ಮಲಗುವವಳಲ್ಲ. ಒಗೆದ ಕೌದಿಯನ್ನು ದಾನಮ್ಮ ತಾರಸಿಯ ಗೋಡೆಯ ಮೇಲೆ ಹರವುತ್ತಿದ್ದಳು. ಅವಳ ಊರಿನಲ್ಲಿ ಹೊದಿಕೆಗೆ ಬಿಸಿಲಿಗಿಂತ ದೊಡ್ಡ ಔಷಧಿ ಇಲ್ಲ. ಅಲ್ಲಿ ಮಾಳಿಗೆಯ ಮೇಲೆ ಇರುವುದೂ ಬಿಸಿಲೊಂದೇ. ಇಲ್ಲಿ ಬೀದಿ ಮರದ ಕೊಂಬೆಗಳು ತಾರಸಿಯವರೆಗೆ ಚಾಚಿದ್ದವು. ಉದುರಿದ ಹೂಗಳನ್ನು ಕೊಡವಿ, ಮಡಚಿ, ಒಳಗೆ ತರುತ್ತಿದ್ದಳು.

ಆ ಶನಿವಾರ ಮಧ್ಯಾಹ್ನವೂ ಹಾಗೇ ತಂದಳು. ಮಗಳಿಗೆ ಬೆಚ್ಚಗೆ ಹೊದಿಸಿ, ಬಾಗಿಲು ಮುಚ್ಚಿ, ಸೊಪ್ಪು ಸೋಸುತ್ತ ಕೂತಳು. ಅರ್ಧ ಗಂಟೆಯೂ ಆಗಿರಲಿಲ್ಲ, ಸುಂಯ್ ಎಂಬ ಸದ್ದು ಶುರುವಾಯಿತು. ಮಗು ಎದ್ದು ಕೂತು, ಮಂಡಿಗೆ ಕೈಯೂರಿ, ಬಾಯಿ ತೆರೆದಿತ್ತು.

"ಅವ್ವಾ, ಉಸುರು ಬರವಲ್ದು."

ದಾನಮ್ಮ ಪಂಪ್ ಒತ್ತಿದಳು. ಮತ್ತೆ ಒತ್ತಿದಳು. ಗಾಳಿ ತಾಗಿತೇನೋ ಎಂದು ಕೌದಿಯನ್ನು ಕತ್ತಿನವರೆಗೆ ಎಳೆದು ಬಿಗಿಯಾಗಿ ಸುತ್ತಿದಳು. ಉಸಿರು ಇನ್ನೂ ಮೇಲೆ ಹೋಯಿತು. ಗಂಟಲ ಗುಳಿ ಒಳಗೆ ಹೋಗಿ ಬಂತು, ಹೋಗಿ ಬಂತು. ಅವಳು ಕೆಳಗಿನ ಮನೆಗೆ ಕೇಳುವಂತೆ ಕೂಗಿದಳು.

"ಆಂಟೀ! ಆಂಟೀ, ಲಗೂನ ಬರ್‍ರೀ!"

ಅಂಜನಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ಬಾಗಿಲು ತಳ್ಳಿದರು. ಕತ್ತಲ ಕೋಣೆಗೆ ಬಿಸಿಲು ಬಿತ್ತು. ಮಗುವಿನ ಬೆನ್ನು ಸವರಲು ಕೌದಿಯ ಮೇಲೆ ಕೈಯಿಟ್ಟವರು ಅಂಗೈ ತಿರುಗಿಸಿ ನೋಡಿಕೊಂಡರು.

"ಅಯ್ಯೋ, ಇದೇನೇ ದಾನಮ್ಮ, ಕೌದಿಗೆ ಅರಿಶಿನ ಚೆಲ್ಲಿದ್ಯಾ?"

ದಾನಮ್ಮ ನೋಡಿದಳು. ಅವ್ವನ ಹೊಲಿಗೆಯ ಸಾಲು ಸಾಲಿನಲ್ಲೂ ಹಳದಿ ಪುಡಿ ಕೂತಿತ್ತು. ಹೂ ಕೊಡವಿದ್ದಳು, ಪುಡಿ ಉಳಿದಿತ್ತು. ಊರಿಗೆಲ್ಲ ಕಿಟಕಿ ಮುಚ್ಚಿ, ಬೇಡವಾದದ್ದನ್ನು ತಾನೇ ಹೊತ್ತು ತಂದು ಮಗಳಿಗೆ ಹೊದಿಸಿದ್ದಳು. ಕೌದಿಯನ್ನು ಕಿತ್ತು ಬಾಗಿಲಾಚೆ ಎಸೆದಳು. ಮಗಳನ್ನೆತ್ತಿಕೊಂಡು ಬರಿಗಾಲಲ್ಲಿ ಇಳಿದಳು.

ಆಟೋದಲ್ಲಿ ಅಂಜನಮ್ಮ ಪ್ರತಿ ಸಿಗ್ನಲ್ಲಿಗೂ ತಲೆ ಹೊರಹಾಕಿ "ಮಗು ಇದೆ, ಬಿಡ್ರಪ್ಪಾ" ಎಂದು ಕೂಗುತ್ತಿದ್ದರು. ದಾನಮ್ಮನಿಗೆ ಯಾವುದೂ ಕೇಳಿಸುತ್ತಿರಲಿಲ್ಲ. ಅವಳು ಆ ಗುಳಿಯನ್ನೇ ನೋಡುತ್ತಿದ್ದಳು. ಇದೊಂದು ಉಸಿರು ಬಂತು, ಇನ್ನೊಂದು ಬಂದೀತೇ ಎಂದು ಕಾಯುತ್ತಿದ್ದಳು. ಮಗಳು ಅಳುವುದನ್ನೂ ಬಿಟ್ಟಿದ್ದಳು. ಅಳುವುದಕ್ಕೂ ಉಸಿರು ಬೇಕಲ್ಲ.

ಕ್ಲಿನಿಕ್ಕಿನಲ್ಲಿ ಮೂಗು ಬಾಯಿಗೆ ಮಾಸ್ಕ್ ಇಟ್ಟು ಔಷಧಿಯ ಹೊಗೆ ಕೊಟ್ಟರು. ಒಂದು ಸಲ, ಎರಡು ಸಲ. ಮೂರನೆಯದರ ಹೊತ್ತಿಗೆ ಗುಳಿ ಸುಮ್ಮನಾಯಿತು. ಆಗ ಡಾಕ್ಟರಮ್ಮ ಕೇಳಿದರು, "ಹೊದಿಕೆ ಎಲ್ಲಿ ಒಣಗಿಸ್ತೀರಾ?"

"ಮ್ಯಾಲೆ ಬಿಸಿಲಾಗ್ರಿ," ಎಂದವಳೇ ದಾನಮ್ಮ ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಡಾಕ್ಟರಮ್ಮ ಬೈಯಲಿಲ್ಲ. ಹೂ ಬಿಡುವ ಕಾಲದಲ್ಲಿ ಮನೆಯೊಳಗೇ ಒಣಗಿಸಬೇಕೆಂದು ಹೇಳುವುದು ತನಗೂ ಹೊಳೆಯಲಿಲ್ಲ ಎಂದರು.

ಈ ವರ್ಷ ಕೋಣೆಯೊಳಗೇ ಹಗ್ಗ ಕಟ್ಟಿದೆ. ಕೌದಿ ಫ್ಯಾನಿನ ಕೆಳಗೆ ಎರಡು ದಿನ ಒಣಗುತ್ತದೆ, ಆಮೇಲೆ ದಾನಮ್ಮ ಒಂದೊಂದು ಸಾಲಿಗೂ ಇಸ್ತ್ರಿ ಒತ್ತುತ್ತಾಳೆ. ಪ್ಲೇಸ್ಕೂಲಿನಲ್ಲಿ ಯಾವ ಮಗು ಸೀನಿದರೂ ಅವಳ ಕಣ್ಣು ಮೊದಲು ಹೋಗುವುದು ಗಂಟಲಿಗೆ. ಮಾರ್ಚ್ ಮುಗಿಯುತ್ತ ಬಂತು, ಮಧುಮತಿಗೆ ಒಂದು ಸಲವೂ ಆ ಸದ್ದು ಬಂದಿಲ್ಲ. ಆದರೂ ಮಗಳು ಮಲಗಿದಳೆಂದರೆ ದಾನಮ್ಮ ಪಂಪನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲೇ ಕೂರುತ್ತಾಳೆ.

ಮೊನ್ನೆ ಶನಿವಾರ ಮಧ್ಯಾಹ್ನ ಮಗಳು ಕೌದಿಯಿಂದ ತಲೆ ಹೊರಹಾಕಿ ಅವ್ವನನ್ನು ನೋಡಿದಳು.

"ಅವ್ವಾ, ನೀ ಮಕ್ಕೋ. ನಾ ಉಸುರಾಡ್ತೀನಿ."

ದಾನಮ್ಮ ಮಗಳ ಮಾತಿಗೆ ಮಲಗಿದಳು. ಕಣ್ಣು ಮಾತ್ರ ಮುಚ್ಚಲಿಲ್ಲ.