ದಾರಿ ತಪ್ಪಿದ ಬೆರಳ ಸುದ್ದಿ

ನನ್ನ ನಾದಿನಿಯನ್ನು ಬಟ್ಟೆ ಗಿರಣಿಯಲ್ಲಿ ಎಲ್ಲರೂ ಗಂಟಕ್ಕ ಎಂದೇ ಕರೆಯುತ್ತಿದ್ದರು. ಮಗ್ಗದಿಂದ ಇಳಿದ ಬಟ್ಟೆಯನ್ನು ಉದ್ದನೆಯ ಮೇಜಿನ ಮೇಲೆ ಎಳೆದುಕೊಂಡು, ಬೆರಳ ತುದಿಯಿಂದ ಸವರಿ, ಎಲ್ಲಿ ನೂಲು ಗಂಟಾಗಿದೆ, ಎಲ್ಲಿ ಎಳೆ ತಪ್ಪಿದೆ ಎಂದು ಹುಡುಕುವುದು ಅವಳ ಕೆಲಸ. ಆ ಮೇಜಿನ ಹೆಂಗಸರೆಲ್ಲ ಕಣ್ಣು ಮುಚ್ಚಿಕೊಂಡೇ ಹುಡುಕುವವರು. ಬಟ್ಟೆಯ ಹೂವು, ಗೆರೆಗಳು ಕಣ್ಣಿಗೆ ಮಣ್ಣೆರಚುತ್ತವೆ, ಬೆರಳಿಗೆ ಎರಚಲಾರವು. ಕಣ್ಣು ಬಿಟ್ಟವಳನ್ನು "ಏನೇ, ಇಣುಕ್ತೀಯಾ?" ಎಂದು ಛೇಡಿಸುವರು. ಮಧ್ಯಾಹ್ನದ ಬಿಸಿಲಲ್ಲಿ ಅವರನ್ನು ನೋಡಿದರೆ, ಕೂತಲ್ಲೇ ಎಲ್ಲರೂ ಒಂದೇ ಕನಸು ಕಾಣುತ್ತಿದ್ದಾರೆ ಅನ್ನಿಸುತ್ತಿತ್ತು.

ಮನೆಯ ಕಿಟಕಿ ಒರೆಸುವಾಗ ಗಾಜು ಒಡೆದು ಅವಳ ಬಲ ಮಣಿಕಟ್ಟು ಕುಯ್ದುಹೋಯಿತು. ಡಾಕ್ಟರು ತುಂಡಾದ ನರವನ್ನು ಹೊಲಿದರು. ಗಾಯವೇನೋ ಮಾಯಿತು. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಯಾರದ್ದೋ ಬೆರಳಿನಂತೆ ಸುಮ್ಮನಿದ್ದವು. ಒಂದು ದಿನ ಬಟ್ಟೆ ಮಡಚುತ್ತಿದ್ದವಳ ನಡುಬೆರಳು ಬಿಸಿ ಇಸ್ತ್ರಿಪೆಟ್ಟಿಗೆಗೆ ತಾಗಿದೆ. ಇವಳು ಮಾತಾಡುತ್ತಲೇ ಇದ್ದಾಳೆ. ವಾಸನೆ ಬಂದು ನಾನೇ ಕೈ ಎಳೆದೆ.

"ಅತ್ತಿಗೆ, ನನ್ನ ಕೈ ನನಗೇ ಹೇಳ್ಲಿಲ್ಲ ನೋಡು," ಎಂದಳು.

ಗಿರಣಿಯಲ್ಲಿ ಅವಳ ಜಾಗ ಇನ್ನೂ ಖಾಲಿ ಇತ್ತು. ಆದರೆ ಎಷ್ಟು ದಿನ ಕಾದಾರು? ಬೆರಳು ಮಾತಾಡದಿದ್ದರೆ ಆ ಮೇಜಿಗೆ ಮರಳುವಂತಿರಲಿಲ್ಲ. ಬೇರೆ ಕಸುಬು ಅವಳಿಗೆ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಹುಡುಗಿಯೊಬ್ಬಳಿದ್ದಳು. ಗಂಟಕ್ಕ ಅವಳಿಗೆ ಕೈಮೇಡಂ ಎಂದು ಹೆಸರಿಟ್ಟಳು. ಸುಟ್ಟ ಬೆರಳು ನೋಡಿ ಆ ಹುಡುಗಿ ವಿವರಿಸಿದಳು: ಬಿಸಿ ತಾಗಿದ ಸುದ್ದಿ ನರದಲ್ಲಿ ಕರೆಂಟಿನಂತೆ ಓಡಿ ಬೆನ್ನುಹುರಿ ಸೇರುತ್ತದೆ. ಕೈ ಎಳೆದುಕೋ ಎಂಬ ಅಪ್ಪಣೆ ಅಲ್ಲಿಂದಲೇ ಹೊರಡುತ್ತದೆ. ಮೆದುಳಿಗೆ ತಿಳಿಯುವುದು ಆಮೇಲೆ.

"ದೊಡ್ಡೋರನ್ನ ಕೇಳ್ಕೊಂಡು ಬರೋಷ್ಟರಲ್ಲಿ ಕೈ ಸುಟ್ಟುಹೋಗುತ್ತಲ್ಲಮ್ಮಾ," ಎಂದಳು ಕೈಮೇಡಂ. ಒಂದು ನರಕೋಶ ಇನ್ನೊಂದಕ್ಕೆ ಅಂಟಿಕೊಂಡಿರುವುದಿಲ್ಲ, ನಡುವೆ ಕಣ್ಣಿಗೆ ಕಾಣದ ಸಂದಿದೆ ಎಂದೂ ಹೇಳಿದಳು. ಕರೆಂಟು ಆ ಸಂದಿನವರೆಗೆ ಬಂದು ನಿಲ್ಲುತ್ತದೆ. ಆಗ ಈಚೆಯ ಕೋಶ ಒಂದಿಷ್ಟು ರಸ ಚೆಲ್ಲುತ್ತದೆ. ಆಚೆಯದು ಅದನ್ನು ಹಿಡಿದು ಮತ್ತೆ ಸುದ್ದಿ ಹೊರಡಿಸುತ್ತದೆ.

"ಅಂದ್ರೆ ನನ್ನೊಳಗೂ ಎಲ್ಲಾ ಗೋಡೆ ಆಚೆಯಿಂದಲೇ ಮಾತಾಡ್ತಾರೆ ಅನ್ನಿ," ಎಂದಳು ಗಂಟಕ್ಕ. "ನಮ್ಮ ಪಕ್ಕದ ಮನೆಯೋರ ಥರ."

ಬೆನ್ನುಹುರಿಯ ಪಕ್ಕದಲ್ಲಿ ಕೂತ ಕೋಶ ಬೆರಳ ತುದಿಯವರೆಗೂ ತನ್ನ ಎಳೆ ಚಾಚಿರುತ್ತದಂತೆ. ತುಂಡಾದ ಆ ಎಳೆ ಮತ್ತೆ ಚಿಗುರಿ, ದಿನಕ್ಕೆ ಸಾಸಿವೆ ಕಾಳಿನಷ್ಟು ಮುಂದೆ ಬರುತ್ತದಂತೆ. ಕೈಮೇಡಂ ಮಣಿಕಟ್ಟಿನಿಂದ ಅಂಗೈಯತ್ತ ಮೆಲ್ಲಗೆ ತಟ್ಟುತ್ತ ಹೋಗುವಳು. ಚಿಗುರಿನ ತುದಿ ಎಲ್ಲಿದೆಯೋ ಅಲ್ಲಿ ಜುಮ್ಮೆನ್ನುವುದು. ಮಧ್ಯಾಹ್ನ ಗಂಟಕ್ಕ ಕಿಟಕಿಯ ಕೆಳಗೆ ಕೈ ಚಾಚಿ ಮಲಗುವಳು. ನಾನು ಪಕ್ಕದಲ್ಲಿ ಕೂರುವೆ. ಪರದೆಯ ನೆರಳು ಅವಳ ಅಂಗೈ ಮೇಲೆ ಹೋಗಿ ಬಂದು ಮಾಡುವುದು. "ಇರುವೆ ಸಾಲು ಹೊರಟಿದೆ ಅತ್ತಿಗೆ," ಎಂದು ಅರೆನಿದ್ದೆಯಲ್ಲಿ ಹೇಳುವಳು, "ಇವತ್ತು ಅಂಗೈ ಮಧ್ಯ ಬಿಡಾರ ಹೂಡಿದೆ."

ಕೊನೆಗೆ ಇರುವೆಗಳು ಬೆರಳು ಸೇರಿದವು. ಆದರೆ ತೋರುಬೆರಳು ಮುಟ್ಟಿದರೆ ನಡುಬೆರಳು ಎನ್ನುವಳು. ಹೆಬ್ಬೆರಳು ಮುಟ್ಟಿದರೆ ತೋರುಬೆರಳು. ಮನೆಯಲ್ಲಿ ಉಣ್ಣೆ, ಬ್ರಷ್ಷು, ಪೆನ್ಸಿಲ್ ತುದಿಯಿಂದ ಮುಟ್ಟಿ ಅಭ್ಯಾಸ ಮಾಡಿಸಲು ಕೈಮೇಡಂ ಹೇಳಿದ್ದಳು. ದಿನವೂ ಮುಟ್ಟಿದೆ. ದಿನವೂ ತಪ್ಪು. ಅವಳ ಮುಖ ಸಣ್ಣದಾಗುತ್ತ ಬಂತು.

"ನನ್ನೆದುರೇ ಒಂದ್ಸಲ ಮಾಡಿ," ಎಂದಳು ಆಸ್ಪತ್ರೆಯಲ್ಲಿ ಕೈಮೇಡಂ. ನಾನು ಬ್ರಷ್ಷು ಎತ್ತಿದ್ದೇ ತಡ, ಗಂಟಕ್ಕ ಕಣ್ಣು ಮುಚ್ಚಿದಳು.

"ಅಯ್ಯೋ, ಕಣ್ಣು ಬಿಡಿ! ಮೊದಲು ನೋಡ್ಬೇಕು, ಆಮೇಲೆ ಮುಚ್ಬೇಕು ಅಂದಿದ್ನಲ್ಲ?"

"ನೋಡ್ಕೊಂಡು ಹೇಳೋಕೆ ಯಾರಿಗೆ ಬರಲ್ಲ ಮೇಡಂ? ಅದು ಕಳ್ಳಾಟ."

ಕೈಮೇಡಂಗೆ ನಗು ತಡೆಯಲಾಗಲಿಲ್ಲ. ಆಮೇಲೆ ವಿವರಿಸಿದಳು: ಚಿಗುರುವಾಗ ಕೆಲವು ಎಳೆಗಳು ಪಕ್ಕದ ಬೆರಳಿನ ದಾರಿಗೆ ನುಗ್ಗಿವೆ. ಮೆದುಳು ಮಾತ್ರ ಹಳೇ ವಿಳಾಸವನ್ನೇ ನಂಬಿ ಕೂತಿದೆ. "ಇದು ತೋರುಬೆರಳಿನ ಸುದ್ದಿ ಅಂತ ಅದಕ್ಕೆ ಕಣ್ಣೇ ಸಾಕ್ಷಿ ಹೇಳ್ಬೇಕು. ಹೇಳ್ತಾ ಹೇಳ್ತಾ ಸಂದುಗಳಲ್ಲಿ ಹೊಸ ಬಳಕೆ ಗಟ್ಟಿಯಾಗುತ್ತೆ. ನೀವು ಸಾಕ್ಷೀನೇ ಹೊರಗೆ ನಿಲ್ಲಿಸಿದೀರಿ!"

ಅಂದಿನಿಂದ ಗಂಟಕ್ಕ ನೋಡುವುದನ್ನು ಕಲಿತಳು. ಆಗತಾನೇ ಮನೆಗೆ ಬಂದ ಎಳೆಗೂಸನ್ನು ನೋಡುವಂತೆ ಒಂದೊಂದೇ ಬೆರಳನ್ನು ನೋಡುವಳು. "ಇದು ನೀನು," ಎಂದು ಅದಕ್ಕೇ ಹೇಳುವಳು. ಆಮೇಲೆ ಕಣ್ಣು ಮುಚ್ಚುವಳು. ತಿಂಗಳುಗಳು ಹೇಗೆ ಹೋದವೋ, ಉತ್ತರ ಸರಿ ಬರತೊಡಗಿತು. ಪೂರ್ತಿ ಅಲ್ಲ, ಬಹುಪಾಲು.

ಗಿರಣಿಯ ಮೇಸ್ತ್ರಿ ಪರೀಕ್ಷೆಗೆ ಕರೆದಾಗ ಜೊತೆಗೆ ಹೋದೆ. ನುಣುಪು ಬಟ್ಟೆಯನ್ನು ಅವಳ ಮುಂದೆ ಹಾಸಿದ. ಅವಳು ಕಣ್ಣು ತೆರೆದೇ ಕೈಯಿಟ್ಟಳು.

"ಇಣುಕ್ತಿದಾಳೆ ಕಣ್ರೇ!" ಎಂದಿತು ಮೇಜಿನ ಆಚೆಯಿಂದ ಒಂದು ದನಿ.

"ನನ್ನ ಬೆರಳಿಗೆ ಸಾಕ್ಷಿ ಬೇಕು ಕಣೇ, ನಿನ್ನ ನಾಲಿಗೆಗೆ ಬೀಗ ಬೇಕು," ಎಂದಳು ಗಂಟಕ್ಕ. ದೊಡ್ಡ ಗಂಟುಗಳು ಸಿಕ್ಕವು. ಸಣ್ಣದೊಂದರ ಮೇಲೆ ಬೆರಳು ಜಾರಿಹೋಯಿತು. ಮೇಸ್ತ್ರಿ ಬಟ್ಟೆಯನ್ನು ಸುತ್ತಿ ಬದಿಗಿಟ್ಟ.

"ನುಣುಪು ಬಟ್ಟೆ ಬೇಡ. ನಾಳೆಯಿಂದ ಕಂಬಳಿ ಮೇಜಿಗೆ ಬಾರಮ್ಮ."

"ಕಂಬಳೀನಾ? ಅದರ ಗಂಟು ಎಮ್ಮೆಗೂ ಗೊತ್ತಾಗುತ್ತೆ!"

"ಹಾಗಾದ್ರೆ ನಿನಗೂ ಗೊತ್ತಾಗುತ್ತೆ ಬಿಡು."

ಎಲ್ಲರೂ ನಕ್ಕರು. ಅವಳಿಗೂ ನಗು ಬಂತು, ಕಣ್ಣೂ ತುಂಬಿತು. ನಾಳೆಗೆ ಕಾಯದೆ ಕಂಬಳಿ ಮೇಜಿನ ಹತ್ತಿರ ಹೋಗಿ, ಕುರ್ಚಿ ಎಳೆದುಕೊಂಡು, ಒರಟು ಅಂಚನ್ನು ಮಡಿಲಿಗೆ ಹಾಕಿಕೊಂಡಳು.

"ನೀನು ಮನೆಗೆ ಹೋಗಿರು ಅತ್ತಿಗೆ," ಎಂದಳು, "ನಾನು ಸಂಜೆಗೆ ಬರ್ತೀನಿ."