ಅವ್ವನ ಕೊಳಗ ಹುಡುಕಿಕೊಂಡು ಸಿರುಗುಪ್ಪಕ್ಕೆ

ಬಳ್ಳಾರಿಯಲ್ಲಿ ಕುರುಗೋಡು ಬಸ್ಸು ಹತ್ತುವಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಎಲ್ಲ ಮನೆಗಳಿಗೂ ಸ್ಟೀಲಿನ ಹುಚ್ಚು ಹಿಡಿದಿದ್ದ ಎಪ್ಪತ್ತರ ದಶಕ ಅದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಒಂಟಿ ಹೆಂಗಸು. ಬೇಸಿಗೆ ರಜೆ ಬಂತೆಂದರೆ ಮನೆಯಲ್ಲಿ ನನ್ನ ಜೊತೆ ಮಾತಾಡುವವರಿಲ್ಲ. ತೀರಿಕೊಂಡ ಅವ್ವನ ಅಡುಗೆಯ ಹಿತ್ತಾಳೆ ಕೊಳಗವಾದರೂ ಜೊತೆಗಿರಲಿ ಎಂದು ತಮ್ಮನ ಮನೆಗೆ ಹೊರಟಿದ್ದೆ. ಮದುವೆಯಲ್ಲಿ ಕೊಡುವ ಪಾತ್ರೆಗೆ ಹೆಸರು ಹಾಕಿಸುವ ಪದ್ಧತಿಯಂತೆ ಅದರ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ 'ಹಂಪಮ್ಮ' ಎಂದು ಕೊರೆಸಿದ್ದರು.

ಕುರುಗೋಡಿನಲ್ಲಿ ತಮ್ಮನ ಹೆಂಡತಿ ಮಂಡಕ್ಕಿ ಒಗ್ಗರಣೆ ಕೊಟ್ಟು, ನೆಲ ನೋಡುತ್ತ ಹೇಳಿದಳು: "ಅಕ್ಕಾರ, ತಿಕ್ಕಿ ತಿಕ್ಕಿ ಕೈ ಸೋತು ಹೋದ್ವು. ಮೊನ್ನಿ ಸಿರುಗುಪ್ಪದ ಹಳೇ ಸಾಮಾನಿನಾವ ಬಂದಿದ್ದ. ಆ ಕೊಳಗ ಕೊಟ್ಟು ಸ್ಟೀಲಿನ ಡಬ್ಬಿ ತಗೊಂಡೀನ್ರಿ."

ನನಗೆ ಸಿಟ್ಟಿಗಿಂತ ಹೆದರಿಕೆಯಾಯಿತು: ಹಳೇ ಹಿತ್ತಾಳೆಯನ್ನು ಅವರು ಕರಗಿಸಿಬಿಡುತ್ತಾರೆ. ಕರಗಿ ಆರಿದ ಹಿತ್ತಾಳೆಯಲ್ಲಿ ಹರಳುಗಳು ಹೊಸದಾಗಿ ಕಟ್ಟಿಕೊಳ್ಳುತ್ತವೆ, ಗುಣ ಕೆಡುವುದಿಲ್ಲ ಎಂದು ವರ್ಷವರ್ಷವೂ ಪಾಠ ಹೇಳುವವಳು ನಾನು. ಗುಣ ಉಳಿದೀತು, ಅವ್ವನ ಹೆಸರು ಉಳಿಯುವುದಿಲ್ಲ. ಊಟಕ್ಕೂ ನಿಲ್ಲದೆ ಸಿರುಗುಪ್ಪದ ಬಸ್ಸು ಹಿಡಿದೆ.

ಸಿರಿಗೇರಿಯಲ್ಲಿ ಬಸ್ಸು ತುಂಬಿತು. ತೆಕ್ಕಲಕೋಟೆ ದಾಟಿದ ಮೇಲೆ ಭತ್ತದ ಗದ್ದೆಗಳು, ಆದರೆ ಗಾಳಿ ಮಾತ್ರ ಬಿಸಿ. ಸಿರುಗುಪ್ಪದ ಅಂಗಡಿಯಲ್ಲಿ ಕರಗಿಸುವ ಮೂಸೆಗೆ ಹಿಡಿಯುವಂತೆ ಪಾತ್ರೆಗಳನ್ನು ಬಡಿದು ಚಪ್ಪಟೆ ಮಾಡುತ್ತಿದ್ದರು. ಕೊಳಗದ ಬಾಯಿಗೆ ಆಗಲೇ ನಾಲ್ಕಾರು ಏಟು ಬಿದ್ದಿದ್ದವು. ಹೆಸರು ಇತ್ತು.

"ನಾಳೆ ಬಂದಿದ್ರ ಸಿಗ್ತಿದ್ದಿಲ್ರಿ," ಎಂದರು ಅಂಗಡಿಯ ಸಾಹೇಬರು. ಬೆಲೆ ತೆತ್ತು ಬಿಡಿಸಿಕೊಂಡೆ. ಬಾಯಿ ತಿದ್ದಿಕೊಡಿ ಎಂದು ಕೇಳಿದೆ.

"ಬಡದ ಬಡದ ಗಡಸಾಗೈತ್ರಿ, ಹಂಗ ಎಬ್ಬಿಸಿದ್ರ ಸೀಳತೈತಿ. ಕಾಸಬೇಕು, ಕುಂದರ್ರಿ," ಎಂದರು. ಕಾಸಿ ಮೆತ್ತಗಾದ ಅಂಚನ್ನು ಮರದ ಕೊಡತಿಯಿಂದ ಎತ್ತಿದರು, ಒಳಗೆ ಕಲಾಯಿ ಹಾಕಿಸಿಕೊಟ್ಟರು. ನನಗೆ ಅಳು ಬಂತು, ತಡೆದುಕೊಂಡೆ.

ಬಳ್ಳಾರಿ ಬಸ್ಸಿನಲ್ಲಿ ಕಂಡಕ್ಟರ್ ಕೊಳಗವನ್ನು ಸೀಟಿನ ಕೆಳಗೆ ತಳ್ಳುತ್ತ ಕೇಳಿದ: "ಮನ್ಯಾಗ ಮದುವಿ ಐತೇನ್ರಿ?"

"ಇಲ್ಲಪ್ಪ, ಒಬ್ಬಾಕೀನ ಅದೀನಿ."

ಅವನು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ.

ಮನೆ ಮುಟ್ಟಿದಾಗ ಸಂಜೆ. ಕೊಳಗ ತೊಳೆದು ಅನ್ನಕ್ಕಿಡಲು ನನ್ನೊಬ್ಬಳಿಗಾಗುವಷ್ಟು ಅಕ್ಕಿ ಹಾಕಿದೆ. ಇಡೀ ಬಳಗಕ್ಕೆ ಬೇಯಿಸುತ್ತಿದ್ದ ಪಾತ್ರೆ. ಆ ಅಕ್ಕಿ ತಳವನ್ನೂ ಮುಚ್ಚಲಿಲ್ಲ. ಅಕ್ಕಿಯನ್ನು ಬಳಿದು ದಿನದ ಅಲ್ಯೂಮಿನಿಯಂ ಪಾತ್ರೆಗೆ ಹಾಕಿ ಒಲೆಗಿಟ್ಟೆ.