ಬಾಯಾರಿಕೆ ಆಗುವುದಿಲ್ಲವಂತೆ

ಅತ್ತೆ ಎರಡನೇ ಸಲ ಬಿದ್ದಾಗ ಅವರ ಹಣೆ ಬಾಗಿಲ ಚೌಕಟ್ಟಿಗೆ ತಾಗಿ ಊದಿಕೊಂಡಿತು. ಬೆಳಗಿನ ಹೊತ್ತು, ಮಂಚದಿಂದ ಎದ್ದು ನಿಂತದ್ದಷ್ಟೇ ಅವರಿಗೆ ನೆನಪು. ಡೊಂಬಿವಲಿಯಲ್ಲಿ ನಾವು ಯಾವಾಗಲೂ ಹೋಗುವ ಡಾಕ್ಟರರು, "ವಯಸ್ಸಾಯ್ತಲ್ಲ, ಇನ್ನೇನು" ಎಂದು ಮುಲಾಮು ಬರೆದುಕೊಟ್ಟರು. ನನಗೂ ಹಾಗೆಯೇ ಅನಿಸಿತ್ತು.

ಠಾಣೆಯ ನನ್ನ ಆಫೀಸಿನ ಗೆಳತಿಯೊಬ್ಬಳು ನವಿ ಮುಂಬಯಿಯ ಒಂದು ಕಾಲೇಜು ಆಸ್ಪತ್ರೆಯ ವಿಷಯ ಹೇಳಿದಳು. ಅಲ್ಲಿ ವೃದ್ಧರಿಗೆಂದೇ ಬೇರೆ ವಿಭಾಗವಿದೆ, ಎಂಬಿಬಿಎಸ್ ಮುಗಿಸಿದವರು ಮತ್ತೆ ಮೂರು ವರ್ಷ ಅದನ್ನೇ ಕಲಿಯುತ್ತಾರೆ ಎಂದಳು. ನಾನು ನಕ್ಕೆ. ಮಕ್ಕಳಿಗೆ ಬೇರೆ ಡಾಕ್ಟರು ಬೇಕು, ಸರಿ; ಮುದುಕರಿಗೂ ಬೇಕೇ? ಆದರೂ ಅತ್ತೆಯನ್ನು ಕರೆದುಕೊಂಡು ಹೊರಟೆ. ಗಂಡ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಹತ್ತಿರ ಹೋಟೆಲ್ ನೋಡಿಕೊಳ್ಳುತ್ತಾರೆ. ಅವರಿಗೆ ರಜೆ ಎಂಬುದೇ ಇಲ್ಲ. ಬೆಳಗಿನ ಗರ್ದಿ ಇಳಿದ ಮೇಲೆ ಲೋಕಲ್ ಹತ್ತಿ, ಠಾಣೆಯಲ್ಲಿ ಗಾಡಿ ಬದಲಿಸಿ ಹೋದೆವು. ನಾನು ರಜೆ ಹಾಕಿದ್ದನ್ನು ದಾರಿಯಲ್ಲಿ ಅತ್ತೆಗೆ ಎರಡು ಸಲ ಹೇಳಿದೆ.

ನಮ್ಮನ್ನು ನೋಡಿದವಳು ಅಲ್ಲಿ ಕಲಿಯುತ್ತಿದ್ದ ಒಬ್ಬ ಹುಡುಗಿ, ಎರಡನೇ ವರ್ಷದವಳು. ಮರಾಠಿ ಮನೆಮಾತು. ಅತ್ತೆ ನಲವತ್ತು ವರ್ಷ ಇಲ್ಲಿದ್ದರೂ ಅವರ ಮರಾಠಿ ತರಕಾರಿ ಅಂಗಡಿಯವರೆಗೆ ಮಾತ್ರ, ಮನೆಯಲ್ಲಿ ತುಳು. ಹುಡುಗಿ ಕೇಳಿದ್ದಕ್ಕೆಲ್ಲ ನಾನೇ ಉತ್ತರ ಹೇಳುತ್ತಾ ಹೋದೆ. ನಿದ್ದೆ ಬರುತ್ತದೆ. ಊಟ ಸೇರುತ್ತದೆ. ಕಾಲುನೋವು ಇದ್ದದ್ದೇ.

"ಕಾಕು, ಆಜೀಂನಾ ಸಾಂಗೂ ದ್ಯಾ ನಾ," ಎಂದಳು ಅವಳು ನಗುತ್ತ. ಚಿಕ್ಕಮ್ಮಾ, ಅಜ್ಜಿಗೇ ಹೇಳಲು ಬಿಡಿ ಎಂದು. ಆಮೇಲೆ ತನ್ನ ಕುರ್ಚಿಯನ್ನು ಎಳೆದು ಅತ್ತೆಯ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತಳು. ಮಲಗಿಸಿ ಬಿ.ಪಿ. ನೋಡಿದಳು, ನಿಲ್ಲಿಸಿ ಮತ್ತೆ ನೋಡಿದಳು. ನಿಂತಾಗ ಅದು ಬಹಳ ಇಳಿಯುತ್ತಿತ್ತು. ನೀರು ಕುಡಿಯುವುದು ಹೇಗೆ ಎಂದು ಕೇಳಿದಳು.

"ಬಯ್ಯ ಆಯಿ ಬೊಕ್ಕ ನೀರ್ ಪರ್ಪುಜಿ," ಎಂದರು ಅತ್ತೆ. ಸಂಜೆಯಾದ ಮೇಲೆ ನೀರು ಕುಡಿಯುವುದಿಲ್ಲ. ಅಷ್ಟಕ್ಕೇ ನಿಲ್ಲಲಿಲ್ಲ. ನನ್ನ ಕಡೆ ನೋಡದೆ ತುಳುವಿನಲ್ಲೇ ಹೇಳಿದರು: ರಾತ್ರಿ ಏಳಬೇಕಾಗುತ್ತದೆ. ಬಚ್ಚಲಿಗೆ ಹೋಗಲು ಹಾಲ್ ದಾಟಬೇಕು, ಅಲ್ಲಿ ಇವಳು ಮಲಗಿರುತ್ತಾಳೆ, ಲೈಟಿನ ಸ್ವಿಚ್ಚು ಇವಳ ತಲೆಯ ಹತ್ತಿರ. ಒಂದು ಸಲ ಇವಳು, "ಎಷ್ಟು ಸಲ ಲೈಟ್ ಹಾಕ್ತೀರಿ, ನಾನು ಬೆಳಿಗ್ಗೆ ಗಾಡಿ ಹಿಡಿಯುವುದು ಬೇಡವಾ" ಅಂದಳು. ಇವಳು ಹೇಳಿದ್ದೂ ಸರಿಯೇ, ದುಡಿಯುವ ಹೆಂಗಸು. ಅಂದಿನಿಂದ ಸಂಜೆ ಚಹಾ ಕುಡಿದ ಮೇಲೆ ನೀರು ಮುಟ್ಟುವುದಿಲ್ಲ.

ಹಾಗೆ ಅಂದದ್ದು ನನಗೆ ನೆನಪೇ ಇರಲಿಲ್ಲ. ಅವರು ಸುಳ್ಳು ಹೇಳುವವರಲ್ಲ. ಹುಡುಗಿ ನನ್ನ ಮುಖ ನೋಡುತ್ತ ಕಾಯುತ್ತಿದ್ದಳು.

"ಸಂಜೆ ಬಾಯಾರಿಕೆ ಆಗುವುದಿಲ್ಲವಂತೆ," ಎಂದೆ.

"ಇಷ್ಟು ಹೊತ್ತು ಮಾತಾಡಿದ್ದು ಇಷ್ಟೇನಾ?"

"ಅವರದ್ದು ಸ್ವಲ್ಪ ಉದ್ದ ಮಾತು."

ಆಗ ಅತ್ತೆ ಮಾಡಿದ್ದನ್ನು ನಾನು ಮರೆಯಲಾರೆ. ನಾನು ಹೇಳಿದ್ದು ಅವರಿಗೆ ಅರ್ಥವಾಗಿತ್ತು. ಹುಡುಗಿಯ ಕಡೆ ತಿರುಗಿ ತಮ್ಮ ಹರಕು ಮರಾಠಿಯಲ್ಲಿ, "ಹೋ ಹೋ, ತಹಾನ್ ನಾಯ್ ಲಾಗತ್" ಎಂದುಬಿಟ್ಟರು. ಹೌದು, ಬಾಯಾರಿಕೆ ಆಗುವುದಿಲ್ಲ.

ಬರುವಾಗ ಗಾಡಿಯಲ್ಲಿ ಅವರ ಪಕ್ಕದಲ್ಲೇ ಕೂತಿದ್ದೆ. ಅವರು ಆ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಒಳ್ಳೆಯದಿತ್ತು.

ಮುಂದಿನ ವಾರ ಫೋನ್ ಬಂತು. ವಿಭಾಗದ ತರಗತಿಯಲ್ಲಿ ಅಜ್ಜಿಯನ್ನು ತೋರಿಸಬಹುದೇ, ಎಲ್ಲರಿಗೂ ಕಲಿಯಲು ಅನುಕೂಲ ಎಂದು ಆ ಹುಡುಗಿ ಕೇಳಿದಳು. ಅತ್ತೆಗೆ ಸಂಭ್ರಮ. ಮದುವೆಗೆ ಉಡುವ ಹಸಿರು ಸೀರೆ ಉಟ್ಟರು. "ಡಾಕ್ಟರುಗಳಿಗೆ ಪಾಠ ಮಾಡಲು ಹೋಗ್ತಿದ್ದೇನೆ," ಎಂದು ಎದುರು ಫ್ಲ್ಯಾಟಿನವರಿಗೂ ಹೇಳಿದರು.

ಸಣ್ಣ ಕೋಣೆ. ಐದಾರು ಎಳೆಯ ಡಾಕ್ಟರುಗಳು, ನಡುವೆ ಅತ್ತೆ, ಹಿಂದಿನ ಸಾಲಿನಲ್ಲಿ ನಾನು. ಹುಡುಗಿ ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಹೇಳಿದಳು. ಅಜ್ಜಿ ಬೆಳಿಗ್ಗೆ ಚೆನ್ನಾಗಿ ನೀರು ಕುಡಿಯುತ್ತಾರೆ, ಸಂಜೆ ಬಾಯಾರಿಕೆ ಇಲ್ಲ; ವಯಸ್ಸಾದವರಿಗೆ ಬಾಯಾರಿಕೆ ಕಡಿಮೆಯಾಗುತ್ತದೆ, ಅದರಿಂದ ಮೈಯಲ್ಲಿ ನೀರು ಕಡಿಮೆ, ಮೇಲೆ ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ಬೇರೆ, ಅದಕ್ಕೇ ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆ ಎಂದಳು. ಪಾಠ ಮಾಡುವ ಮೇಡಂ ಕೊನೆಯವರೆಗೂ ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದರು.

"ಬೆಳಿಗ್ಗೆ ಚೆನ್ನಾಗಿ ನೀರು ಕುಡಿಯುವವರಿಗೆ ಸಂಜೆಗೆ ಮಾತ್ರ ಬಾಯಾರಿಕೆ ಯಾಕೆ ಹೋಗುತ್ತೆ?"

ಹುಡುಗಿ ತನ್ನ ಕಾಗದಗಳನ್ನು ತಿರುವಿದಳು.

"ರಾತ್ರಿ ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ ಏನಿದೆ, ಯಾರಿದ್ದಾರೆ, ಕೇಳಿದೆಯಾ?"

"ಇಲ್ಲ, ಮೇಡಂ."

"ಪುಸ್ತಕದಲ್ಲಿದ್ದ ಉತ್ತರ ಸಿಕ್ಕಿತು ಅಂತ ಎದುರಿಗಿದ್ದವರನ್ನು ಬಿಟ್ಟುಬಿಟ್ಟೆ. ಇದೊಂದನ್ನು ಕಲಿಯದಿದ್ದರೆ ಈ ಡಿಗ್ರಿ ಯಾಕೆ ನಿನಗೆ?"

ಅವಳ ಜೊತೆಯವರೆಲ್ಲ ತಲೆ ತಗ್ಗಿಸಿ ಕೂತಿದ್ದರು. ಅತ್ತೆಗೆ ಇಂಗ್ಲಿಷ್ ಬರದು, ದನಿ ತಿಳಿಯಿತು. ತಿರುಗಿ ನನ್ನನ್ನು ಕೇಳಿದರು: "ಆ ಹುಡುಗಿಗೆ ಯಾಕೆ ಬೈಯುವುದು? ಅದೇನು ಮಾಡಿತು?"

ಎದ್ದು ನಿಂತು ಹೇಳಬೇಕಿತ್ತು. "ಏನಿಲ್ಲ, ಸುಮ್ಮನೆ ಕೂತುಕೊಳ್ಳಿ," ಎಂದೆ.

ತರಗತಿ ಬಿಟ್ಟ ಮೇಲೆ ಅವಳು ನೀರಿನ ಕೂಲರಿನ ಹತ್ತಿರ ಒಬ್ಬಳೇ ನಿಂತಿದ್ದಳು. ಹೋಗಿ ಹೇಳಿದೆ. ಅತ್ತೆ ನಿಜವಾಗಿ ಏನು ಹೇಳಿದ್ದರು, ನಾನು ಏನು ಹೇಳಿದೆ, ಎಲ್ಲ. ಮೇಡಂ ಹತ್ತಿರ ಬಂದು ಹೇಳುತ್ತೇನೆ ಎಂದೂ ಹೇಳಿದೆ.

ಅವಳು ಬೈಯಲಿಲ್ಲ. "ಅವತ್ತೇ ಗೊತ್ತಾಗಿತ್ತು ಕಾಕು, ಏನೋ ಬಿಟ್ಟಿದ್ದೀರಿ ಅಂತ. ನಿಮ್ಮ ಮುಖ ನೋಡಿ ಇನ್ನೊಂದು ಸಲ ಕೇಳಲು ಸಂಕೋಚವಾಯಿತು. ನೀವು ಮನೆಯವರು, ನಿಮಗೆ ನಾಚಿಕೆಯಾಯಿತು. ನಾನು ಡಾಕ್ಟರು, ಕೇಳಬೇಕಿತ್ತು. ಮೇಡಂ ಬೈದದ್ದು ಅದಕ್ಕೇ, ಸರಿಯಾಗಿಯೇ ಬೈದರು."

ನನ್ನ ತಪ್ಪನ್ನು ಅವಳು ಹೀಗೆ ತನ್ನ ಪಾಲಿಗೆ ಎಳೆದುಕೊಂಡದ್ದು ನನ್ನನ್ನು ಇನ್ನಷ್ಟು ಕುಗ್ಗಿಸಿತು. ಆದರೂ ಮೇಡಂ ಬಳಿ ಹೋದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಒಳ್ಳೆಯದಾಯ್ತು ಹೇಳಿದ್ದು," ಎಂದರು, ಅಷ್ಟೇ. ಬಳಿಕ ಹುಡುಗಿಗೆ, "ಇವರ ಮನೆ ನೋಡಿ ಬಾ" ಎಂದರು.

ಒಂದು ಭಾನುವಾರ ಅವಳು ಡೊಂಬಿವಲಿಗೆ ಬಂದಳು. ಚಪ್ಪಲಿ ಬಿಟ್ಟು ಅತ್ತೆಯ ಮಂಚದ ಮೇಲೆ ಮಲಗಿ ಎದ್ದಳು. ಕಣ್ಣು ಮುಚ್ಚಿ ಗೋಡೆ ಸವರುತ್ತ ಬಚ್ಚಲಿನವರೆಗೆ ನಡೆದಳು, ನನ್ನ ಹಾಸಿಗೆ ಎಲ್ಲಿ ಹಾಕುತ್ತೇವೆ ಎಂದು ಕೇಳಿ ಅದನ್ನು ದಾಟುವಂತೆ ಕಾಲೆತ್ತಿ ನೋಡಿದಳು. ಅತ್ತೆ ಅವಳಿಗೆ ನೀರುದೋಸೆ ಬಡಿಸಿ, "ಈ ಮಗು ಎಷ್ಟು ಸಪೂರ" ಎಂದು ಮರುಗಿದರು. ಮಾತ್ರೆ ಬದಲಾಯಿತು. ನನ್ನ ಹಾಸಿಗೆ ಇನ್ನೊಂದು ಗೋಡೆಗೆ ಹೋಯಿತು, ನೆಲದ ಹತ್ತಿರ ರಾತ್ರಿಯಿಡೀ ಉರಿಯುವ ಸಣ್ಣ ದೀಪ ಬಂತು. ಇಷ್ಟೇ ಕೆಲಸ. ಅತ್ತೆ ಮತ್ತೆ ಬೀಳಲಿಲ್ಲ.

ಹುಡುಗಿ ಈಗ ಪಾಸಾಗಿ ಕಲ್ಯಾಣದಲ್ಲಿ ಕೆಲಸ ಮಾಡುತ್ತಾಳೆ. ವಿಭಾಗಕ್ಕೆ ಹೊಸಬರು ಬಂದಾಗಲೆಲ್ಲ ಮೇಡಂ ಅತ್ತೆಯನ್ನು ಕರೆಸುತ್ತಾರೆ, ಅತ್ತೆಯೂ ಹಸಿರು ಸೀರೆ ಉಟ್ಟು ಹೊರಡುತ್ತಾರೆ. ಮಾತು ತಿಳಿಸಲು ಮಂಗಳೂರು ಕಡೆಯ ಒಬ್ಬ ಸಿಸ್ಟರ್ ವಾರ್ಡಿನಿಂದ ಬರುತ್ತಾರೆ. ಮೊದಲ ಮಾತುಕತೆಯಲ್ಲಿ ಮನೆಯವರು ದುಭಾಷಿಯಾಗಬಾರದು ಎಂಬುದು ಈಗ ಅಲ್ಲಿಯ ಪದ್ಧತಿ. ಯಾರಿಂದಾಗಿ ಎಂದು ಮೇಡಂ ಯಾರಿಗೂ ಹೇಳಿಲ್ಲ.

ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಒಳಗಿನಿಂದ ಅತ್ತೆಯ ತುಳು ಕೇಳುತ್ತದೆ, ಆಮೇಲೆ ಎಲ್ಲರ ನಗು. ಏನು ಹೇಳಿದರೋ. ಮನೆಯಲ್ಲಿ ನನ್ನೊಡನೆ ಅವರು ಅಷ್ಟು ಹೊತ್ತು ಮಾತಾಡುವುದಿಲ್ಲ. ಮಾತಾಡಿಸಲು ನಾನೂ ಕೂತವಳಲ್ಲ. ಕಳೆದ ಸಲ ಬಾಗಿಲು ತೆರೆದು ಹೊರಬಂದವರೇ, ಮುಖದ ನಗು ಹಾಗೇ ಇರುವಾಗ ನನ್ನನ್ನು ಕಂಡು, "ಪಾಪ, ನನ್ನಿಂದ ನಿನ್ನ ರಜೆ ಹಾಳಾಯಿತಲ್ಲ" ಎಂದರು.